ಕ್ಲಬ್‌ನವರ ಎರಡು ಡಬ್ಬಿ

ಹೋದ ವರ್ಷ ಮಳೆಗಾಲ, ತುಳುವರ ಆಟಿ ತಿಂಗಳ ಒಂದು ಸಂಜೆ. ಉಡುಪಿಯ ಹೊರಗೆ ಒಂದು ಬಸ್ ತಂಗುದಾಣದಲ್ಲಿ ಮಳೆಗೆ ಸಿಕ್ಕಿಬಿದ್ದಿದ್ದೆ. ಪರಿಚಯದ ರಿಕ್ಷಾದವರೊಬ್ಬರು ಗಾಡಿ ಬದಿಗೆ ಹಾಕಿ ಒಳಗೆ ಬಂದು ನಿಂತರು. ಅವರ ತಲೆ ಮೇಲೆ ಟಪ್ ಅಂತ ನೀರು ಬಿತ್ತು. ಮೇಲೆ ನೋಡಿದರೆ ಶೀಟಿನಲ್ಲಿ ತೂತು. ತೂತಿನ ಪಕ್ಕದಲ್ಲೇ ನಮ್ಮ ಕ್ಲಬ್‌ನ ಹೆಸರು, ಚಿಹ್ನೆ, ಆಗಿನ ಅಧ್ಯಕ್ಷರ ಹೆಸರು, ಉದ್ಘಾಟನೆಯ ತಾರೀಕು.

"ಇದು ನಿಮ್ಮವರದ್ದೇ ಅಲ್ವಾ? ಸೋರ್ತಾ ಉಂಟು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ತಿಂಗಳಿಗೆ ಎರಡು ಸಲ ಸೇರಿ ಊಟ ಮಾಡ್ತೀರಲ್ಲ, ಆ ದುಡ್ಡಲ್ಲಿ ಇದಕ್ಕೊಂದು ಶೀಟ್ ಹಾಕಿಸ್ಲಿಕ್ಕೆ ಆಗುದಿಲ್ವಾ ಮಾರಾಯ್ರೆ?"

ಪ್ರಶ್ನೆ ಸರಿಯಾಗೇ ಇತ್ತು. ಮಂಗಳೂರು, ಉಡುಪಿ ಕಡೆ ರೋಟರಿ, ಲಯನ್ಸ್ ಥರದ ಸೇವಾ ಕ್ಲಬ್‌ಗಳ ಬಗ್ಗೆ ಜನ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಇದೇ ಪ್ರಶ್ನೆ. ಕೇಳುವವರು ಕಡಿಮೆ, ಅಷ್ಟೇ. ನಾನು ಎರಡು ವರ್ಷ ಒಂದು ಕ್ಲಬ್‌ನ ಕೋಶಾಧಿಕಾರಿ ಆಗಿದ್ದೆ. ಯಾವ ಕ್ಲಬ್ ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನ ಮೀಟಿಂಗ್‌ನಲ್ಲಿ ನನಗೇ ಫೈನ್ ಬೀಳುತ್ತದೆ.

ಲೆಕ್ಕ ಹಿಡಿದವರಿಗೆ ಮೊದಲು ಗೊತ್ತಾಗುವುದು, ಕ್ಲಬ್‌ನಲ್ಲಿ ಇರುವುದು ಒಂದು ಡಬ್ಬಿ ಅಲ್ಲ, ಎರಡು. ಒಂದರಲ್ಲಿ ಸದಸ್ಯರ ಚಂದಾ. ಹಾಲ್ ಬಾಡಿಗೆ, ಮೈಕ್, ಬ್ಯಾನರ್, ಮೇಲಿನ ಸಂಸ್ಥೆಗೆ ಕಟ್ಟುವ ದುಡ್ಡು, ಮತ್ತೆ ಆ ಊಟ, ಎಲ್ಲವೂ ಇದರಿಂದ. ಇನ್ನೊಂದರಲ್ಲಿ ಊರವರಿಂದ ಸೇವೆಗೆ ಅಂತ ಎತ್ತಿದ ದುಡ್ಡು. ಎರಡನೇ ಡಬ್ಬಿಯಿಂದ ಒಂದು ಗೋಳಿಬಜೆ ತಂದರೂ ತಪ್ಪೇ. ಲಯನ್ಸ್‌ನಲ್ಲಿ ಇದು ಬರೆದಿಟ್ಟ ನಿಯಮ: ಜನರಿಂದ ಬಂದದ್ದು ಜನರಿಗೇ ಹೋಗಬೇಕು, ಕ್ಲಬ್ ನಡೆಸುವ ಖರ್ಚಿಗೆ ಮುಟ್ಟುವ ಹಾಗಿಲ್ಲ. ರೋಟರಿ ಕ್ಲಬ್‌ಗಳ ಬಜೆಟ್‌ನಲ್ಲೂ ಇದೇ ಎರಡು ಭಾಗ. ಹಾಗಾಗಿ ರಿಕ್ಷಾದವರಿಗೆ ಮೊದಲ ಉತ್ತರ ಸುಲಭ. ಆ ಊಟ ನಮ್ಮ ಜೇಬಿನದ್ದು. ನಾಲ್ಕು ಜನ ಗೆಳೆಯರು ಹೋಟೆಲ್‌ಗೆ ಹೋದ ಹಾಗೆ.

ಆದರೆ ಅವರು ಕೇಳಿದ್ದು ಅಷ್ಟೇ ಅಲ್ಲ. ಊಟ ಯಾಕೆ ಬೇಕು, ಮೀಟಿಂಗ್ ಯಾಕೆ ಬೇಕು ಅಂತಲೂ ಅದರೊಳಗೆ ಇತ್ತು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ನಾಲ್ಕು ಜನ ಒಂದು ಆಫೀಸ್ ಕೋಣೆಯಲ್ಲಿ ಸೇರಿದರು. ಪಾಲ್ ಹ್ಯಾರಿಸ್ ಅನ್ನುವ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಒಬ್ಬ ದರ್ಜಿ. ದೊಡ್ಡ ಊರಲ್ಲಿ ಸ್ನೇಹಿತರಿಲ್ಲ ಅನ್ನುವುದೇ ಹ್ಯಾರಿಸ್ ಅವರ ಕೊರಗು. ಒಂದು ಸಲ ಒಬ್ಬರ ಆಫೀಸ್, ಮುಂದಿನ ಸಲ ಇನ್ನೊಬ್ಬರದ್ದು, ಹೀಗೆ ಸುತ್ತಿ ಸುತ್ತಿ ಸೇರುತ್ತಿದ್ದರು. ಅದರಿಂದಲೇ ರೋಟರಿ ಅನ್ನುವ ಹೆಸರು. ಸೇವೆ ಬಂದದ್ದು ಆಮೇಲೆ. 1917ರಲ್ಲಿ ಅದೇ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಅನ್ನುವ ವಿಮೆ ವ್ಯವಹಾರದವರು ಲಯನ್ಸ್ ಶುರು ಮಾಡಿಸಿದರು. ನಮ್ಮ ದೇಶಕ್ಕೆ ರೋಟರಿ ಬಂದದ್ದು ಕಲ್ಕತ್ತಾದ ಮೂಲಕ, 1920ರ ಹೊತ್ತಿಗೆ. ಲಯನ್ಸ್ 1956ರಲ್ಲಿ. ಜೇಸಿ ಅಂತ ನಾವು ಕರೆಯುವುದು 18ರಿಂದ 40 ವರ್ಷದವರದ್ದು, ಅಲ್ಲಿ ಸೇವೆಯ ಜತೆ ಭಾಷಣ, ನಾಯಕತ್ವದ ತರಬೇತಿ ಜಾಸ್ತಿ. ಹೆಂಗಸರಿಗೆ ರೋಟರಿ, ಲಯನ್ಸ್ ಎರಡೂ ಬಾಗಿಲು ತೆರೆದದ್ದು 1980ರ ದಶಕದ ಕೊನೆಗೆ. ಅಲ್ಲಿಯವರೆಗೆ ಅವರು 'ಸದಸ್ಯರ ಪತ್ನಿ' ಮಾತ್ರ. ಅಡುಗೆ ಅವರದ್ದು, ಅಧ್ಯಕ್ಷರ ಕೊರಳಪಟ್ಟಿ, ಅಂದರೆ ಕಾಲರ್, ಗಂಡನದ್ದು.

ಆ ನಾಲ್ಕು ಜನರ ಉದ್ಯೋಗ ನೋಡಿ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಕ್ಲಬ್‌ನ ಗುಟ್ಟು ಅಲ್ಲೇ ಇರುವುದು. ಮೊದಲು ಒಂದು ಉದ್ಯೋಗಕ್ಕೆ ಒಬ್ಬರೇ ಸದಸ್ಯ ಅಂತ ಕಟ್ಟುನಿಟ್ಟು ಇತ್ತು. ಈಗ ಸಡಿಲ ಆಗಿದೆ, ಆದರೆ ಒಂದೇ ಕಸುಬಿನವರು ತುಂಬಿಕೊಳ್ಳಬಾರದು ಅನ್ನುವುದು ಉಳಿದಿದೆ. ನಮ್ಮೂರಿನ ಯುವಕ ಮಂಡಲ, ಭಜನಾ ಮಂಡಳಿಗಳಿಗೂ ಕ್ಲಬ್‌ಗೂ ದೊಡ್ಡ ವ್ಯತ್ಯಾಸ ಇದು. ಯುವಕ ಮಂಡಲಕ್ಕೆ ಒಂದು ಊರು ಉಂಟು, ಒಂದು ಮೈದಾನ ಉಂಟು. ಸದಸ್ಯರಾಗಲಿಕ್ಕೆ ಆ ಊರಲ್ಲಿ ಹುಟ್ಟಿದರೆ ಸಾಕು. ಕ್ಲಬ್‌ಗೆ ಕರೆಯಬೇಕು, ಚಂದಾ ಕಟ್ಟಬೇಕು. ಅದರಿಂದಾಗಿ ದುಡ್ಡಿದ್ದವರ ಕೂಟ ಅಂತ ಹೆಸರು ಬಂದಿದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ.

ಮೀಟಿಂಗ್ ಹೇಗಿರುತ್ತದೆ ಅಂದರೆ, ಏಳೂವರೆ ಅಂತ ಕಾರ್ಡಿನಲ್ಲಿ ಬರೆದಿದ್ದರೆ ಗಂಟೆ ಬಾರಿಸುವುದು ಎಂಟಕ್ಕೆ ಹತ್ತು ನಿಮಿಷ ಇರುವಾಗ. ಕೋರ್ಟಿನಲ್ಲಿ ಇರುವ ಹಾಗೆ ಒಂದು ಗಂಟೆ, ಒಂದು ಸುತ್ತಿಗೆ. ಅಧ್ಯಕ್ಷರ ಕುತ್ತಿಗೆಯಲ್ಲಿ ಕಾಲರ್. ಅದರ ಮೇಲೆ ಹಿಂದಿನ ಅಧ್ಯಕ್ಷರುಗಳ ಹೆಸರಿನ ಸಣ್ಣ ಸಣ್ಣ ಫಲಕ, ಹಳೇ ಕ್ಲಬ್ ಆದರೆ ಅದರ ಭಾರಕ್ಕೇ ಕುತ್ತಿಗೆ ಬಗ್ಗುತ್ತದೆ. ಪ್ರಾರ್ಥನೆ. ರೋಟರಿ ಆದರೆ ನಾಲ್ಕು ಪ್ರಶ್ನೆಗಳ ಪರೀಕ್ಷೆ: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳ್ಳೆಯದೇ. 1932ರಲ್ಲಿ ಮುಳುಗುತ್ತಿದ್ದ ಒಂದು ಪಾತ್ರೆ ಕಂಪನಿಯನ್ನು ಎತ್ತಲಿಕ್ಕೆ ಹರ್ಬರ್ಟ್ ಟೇಲರ್ ಬರೆದದ್ದು ಇದು. ಕಂಪನಿಯ ಕೆಲಸಗಾರರಿಗೆ ಬರೆದ ಚೀಟಿ ಆಮೇಲೆ ಕ್ಲಬ್‌ನದ್ದಾಯಿತು. ನಂತರ ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವದ ಹೂವು. ಕಾರ್ಯದರ್ಶಿ ವರದಿ. ಗೃಹಪತ್ರಿಕೆ ಬಿಡುಗಡೆ. ಅತಿಥಿಯ ಪರಿಚಯ, ಅತಿಥಿಯ ಮಾತಿಗಿಂತ ಉದ್ದ. ಸಾರ್ಜೆಂಟ್ ಅಟ್ ಆರ್ಮ್ಸ್ ಅನ್ನುವ ಶಿಸ್ತಿನ ಉಸ್ತುವಾರಿಯವರು ಡಬ್ಬಿ ಹಿಡಿದು ಬರುತ್ತಾರೆ. ತಡವಾಗಿ ಬಂದವರಿಗೆ ಫೈನ್, ಫೋನ್ ರಿಂಗ್ ಆದವರಿಗೆ ಫೈನ್, ಪೇಪರಿನಲ್ಲಿ ಫೋಟೋ ಬಂದವರಿಗೂ ಫೈನ್. ಧನ್ಯವಾದ, ರಾಷ್ಟ್ರಗೀತೆ, ಮತ್ತೆ ಗಂಟೆ.

ಇಷ್ಟೂ ಹೊತ್ತು ನಿಜವಾದ ಕೆಲಸ ಏನೂ ಆಗಿರುವುದಿಲ್ಲ. ಆಗುವುದು ತಟ್ಟೆ ಹಿಡಿದ ಮೇಲೆ. ನನ್ನ ಕಣ್ಣೆದುರಿಗೇ ನಡೆದದ್ದು ಹೇಳುತ್ತೇನೆ. ನೀರುದೋಸೆಗೆ ಸಾಲು ನಿಂತಿದ್ದಾಗ ಶಾಲೆಯ ಟೀಚರ್ ಒಬ್ಬರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಪೈಪ್ ಒಡೆದು ಮೂರು ತಿಂಗಳಾಯಿತು ಅಂತ ಸುಮ್ನೆ ಹೇಳಿದರು. ಪಕ್ಕದಲ್ಲಿ ಪೈಪ್ ಅಂಗಡಿಯವರು. ಅವರ ಹಿಂದೆ ಕಂಟ್ರಾಕ್ಟರ್. ಮರುದಿನ ಬೆಳಿಗ್ಗೆ ಪ್ಲಂಬರ್ ಹೋದ. ಕ್ಲಬ್‌ನ ಲೆಕ್ಕದಲ್ಲಿ ಒಂದು ರೂಪಾಯಿ ಖರ್ಚಾಗಲಿಲ್ಲ, ಒಂದು ಠರಾವೂ ಬರೆಯಲಿಲ್ಲ. ಬೇರೆ ಬೇರೆ ಕಸುಬಿನವರನ್ನು ಹದಿನೈದು ದಿನಕ್ಕೊಮ್ಮೆ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ಮೀಟಿಂಗ್‌ನ ಪ್ರಯೋಜನ. ಹಾಗಾಗಿಯೇ ಹಾಜರಿಗೆ ಅಷ್ಟು ಮಹತ್ವ. ರೋಟರಿಯಲ್ಲಿ ಮೊದಲು ವಾರಕ್ಕೊಂದು ಮೀಟಿಂಗ್ ಕಡ್ಡಾಯ ಇತ್ತು. 2016ರಿಂದ ತಿಂಗಳಿಗೆ ಎರಡಾದರೂ ಸಾಕು ಅಂತ ಆಯಿತು.

ಈಗ ಎರಡನೇ ಡಬ್ಬಿ. ಅದು ತುಂಬುವುದು ಹೇಗೆ? ನಮ್ಮ ಕಡೆ ಹಳೇ ದಾರಿ ಅಂದರೆ ಸಹಾಯಾರ್ಥ ಯಕ್ಷಗಾನ, ಇಲ್ಲವೇ ತುಳು ನಾಟಕ. ಪುರಭವನ ಬುಕ್ ಮಾಡುವುದು, ಮೇಳಕ್ಕೆ ವೀಳ್ಯ ಕೊಡುವುದು, ಟಿಕೆಟ್ ಮಾರುವುದು. ಜನ ಅಂದುಕೊಳ್ಳುವುದು ಟಿಕೆಟ್‌ನಿಂದ ದುಡ್ಡು ಬರುತ್ತದೆ ಅಂತ. ಬರುವುದಿಲ್ಲ.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ, ಅಂಕಿಗಳು ಸುಮ್ನೆ ಅರ್ಥ ಆಗಲಿಕ್ಕೆ. ಮೇಳ, ಹಾಲ್, ಧ್ವನಿವರ್ಧಕ, ಅಚ್ಚು ಎಲ್ಲ ಸೇರಿ ಖರ್ಚು 1,50,000 ರೂಪಾಯಿ ಅಂತ ಇಟ್ಟುಕೊಳ್ಳಿ. 200 ರೂಪಾಯಿಯ ಟಿಕೆಟ್ 300 ಮಾರಿದರೆ 60,000. ಅರ್ಧ ಖರ್ಚೂ ಹುಟ್ಟಲಿಲ್ಲ. ಅದರಲ್ಲೂ ಮುಂದಿನ ಎರಡು ಸಾಲು ಪಾಸ್‌ನವರಿಗೆ, ಅವರು ದುಡ್ಡು ಕೊಡುವವರಲ್ಲ, ಮನೆಯವರನ್ನೂ ಕರೆದುಕೊಂಡು ಬರುವವರು. ಹಾಗಾದರೆ ಲಾಭ ಎಲ್ಲಿ? ಸ್ಮರಣ ಸಂಚಿಕೆಯಲ್ಲಿ. 3,000 ರೂಪಾಯಿಯ ಹಾಗೆ 40 ಪುಟ ಜಾಹೀರಾತು ಸಿಕ್ಕಿದರೆ 1,20,000. ಮೇಲೆ ಒಬ್ಬ ಪ್ರಾಯೋಜಕರು 50,000 ಕೊಟ್ಟರೆ ಒಟ್ಟು 2,30,000. ಖರ್ಚು ಕಳೆದು 80,000 ಉಳಿಯಿತು. ಆಟ, ಅಂದರೆ ಯಕ್ಷಗಾನ, ಒಂದು ನೆಪ, ದುಡ್ಡು ತರುವುದು ಯಾರೂ ಓದದ ಆ ಪುಸ್ತಕ.

ಅದರಲ್ಲಿ ಜಾಹೀರಾತು ಕೊಡುವವರು ಯಾರು? ಸದಸ್ಯರ ಗಿರಾಕಿಗಳು, ಸದಸ್ಯರಿಗೆ ಸರಕು ಕೊಡುವವರು, ಇಲ್ಲ ಅನ್ನಲಿಕ್ಕೆ ಮುಖ ಇಲ್ಲದವರು. ಇವತ್ತು ನಾನು ನಿಮ್ಮ ಪುಸ್ತಕಕ್ಕೆ ಅರ್ಧ ಪುಟ, ನಾಳೆ ನೀವು ನಮ್ಮ ದೇವಸ್ಥಾನದ ಬ್ರಹ್ಮಕಲಶದ ಪುಸ್ತಕಕ್ಕೆ ಅರ್ಧ ಪುಟ. ಮುಯ್ಯಿಯ ಹಾಗೆ. ನನಗೆ ಇದು ಅಷ್ಟು ಇಷ್ಟ ಇಲ್ಲ. ಒಂದು ಸಂಜೆಗೆ ಮೂರು ತಿಂಗಳು ಓಡಾಟ, ಕೊನೆಗೆ ಉಳಿಯುವುದು ಎಷ್ಟು ಅಂತ ಕೋಶಾಧಿಕಾರಿಗೆ ಮಾತ್ರ ಗೊತ್ತು. ಲಕ್ಕಿ ಡಿಪ್ ಕೂಪನ್ ಮಾರುವ ರೂಢಿಯೂ ಇತ್ತು. ರಾಜ್ಯದಲ್ಲಿ 2007ರಲ್ಲೇ ಲಾಟರಿ ನಿಷೇಧ ಆಗಿದೆ, ಕೂಪನ್ ಮಾರಿ ಬಹುಮಾನ ಎತ್ತುವುದು ಕಾನೂನಿನ ತೊಡಕು ತರುವ ಕೆಲಸ. ಅದನ್ನು ಬಿಡುವುದೇ ಒಳ್ಳೆಯದು.

ನಮ್ಮ ಉಡುಪಿಯಲ್ಲೇ ಇದಕ್ಕಿಂತ ಒಳ್ಳೆ ಪಾಠ ಒಂದು ಉಂಟು. 1928ರಲ್ಲಿ ಇಲ್ಲಿನ ಸಿಂಡಿಕೇಟ್ ಬ್ಯಾಂಕ್, ಆಗ ಅದರ ಹೆಸರು ಬೇರೆ, ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡು ಆಣೆ. ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಕೊಡುವವರಿಗೆ ಭಾರ ಇಲ್ಲ, ಸೇರುವುದು ನಿಲ್ಲುವುದಿಲ್ಲ. ನಾನು ಕೋಶಾಧಿಕಾರಿ ಆಗಿದ್ದಾಗ ಒಂದು ವರ್ಷ ಆಟ ಬಿಟ್ಟು, ಸದಸ್ಯರಿಂದ ತಿಂಗಳಿಗೆ 300 ರೂಪಾಯಿ ಸೇವೆಗೆ ಅಂತಲೇ ಬ್ಯಾಂಕಿನಿಂದ ತಾನಾಗಿ ಕಡಿತ ಆಗುವ ಹಾಗೆ ಮಾಡಿದೆವು. 35 ಜನ ಒಪ್ಪಿದರು. ವರ್ಷಕ್ಕೆ 1,26,000. ಮೈಕ್ ಇಲ್ಲ, ಹಾರ ಇಲ್ಲ. ಮರುವರ್ಷ ಹೊಸ ಅಧ್ಯಕ್ಷರು, "ಇದರಲ್ಲಿ ಕಾರ್ಯಕ್ರಮ ಎಲ್ಲಿ ಉಂಟು?" ಅಂತ ಕೇಳಿ ಆಟಕ್ಕೇ ವಾಪಸ್ ಹೋದರು.

ದಾನ ಕೊಡುವವರು ಮೊದಲು ಕೇಳುವುದು 80ಜಿ, ಅಂದರೆ ದಾನಕ್ಕೆ ತೆರಿಗೆ ರಿಯಾಯಿತಿ, ಉಂಟಾ ಅಂತ. ಸಾಮಾನ್ಯವಾಗಿ ಕ್ಲಬ್‌ಗೆ ಆ ನೋಂದಣಿ ಇರುವುದಿಲ್ಲ. ಅದಕ್ಕೇ ಹಲವು ಕ್ಲಬ್‌ಗಳು ಪಕ್ಕದಲ್ಲಿ ಒಂದು ಚಾರಿಟಬಲ್ ಟ್ರಸ್ಟ್ ಇಟ್ಟುಕೊಂಡಿವೆ. ದಾನ ಟ್ರಸ್ಟಿಗೆ ಹೋಗಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ರಿಯಾಯಿತಿಯೇ ಇಲ್ಲ. ಮತ್ತೆ, ಸ್ಮರಣ ಸಂಚಿಕೆಯ ಜಾಹೀರಾತು ದಾನ ಅಲ್ಲ, ವ್ಯಾಪಾರದ ಖರ್ಚು. ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ.

ದೊಡ್ಡ ಮೊತ್ತ ಬೇಕಾದರೆ ದಾರಿ ಬೇರೆ. ಕಂಪನಿಗಳ ಸಿಎಸ್‌ಆರ್, ಅಂದರೆ ಸಮಾಜದ ಕೆಲಸಕ್ಕೆ ಇಡುವ ದುಡ್ಡು, ಒಂದು. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಇದಕ್ಕೆ ಇಡಬೇಕು. ಇನ್ನೊಂದು ರೋಟರಿ ಫೌಂಡೇಶನ್ ದಾರಿ. ಸದಸ್ಯರು ಅದರ ವಾರ್ಷಿಕ ನಿಧಿಗೆ ಕೊಟ್ಟದ್ದನ್ನು ಮೂರು ವರ್ಷ ಹೂಡಿಕೆಯಲ್ಲಿ ಇಟ್ಟು, ಹತ್ತಿರ ಹತ್ತಿರ ಅರ್ಧವನ್ನು ಅವರ ರೋಟರಿ ಜಿಲ್ಲೆಗೇ ವಾಪಸ್ ಕೊಡುತ್ತಾರೆ. ಅಂದರೆ ಇವತ್ತಿನ ಅಧ್ಯಕ್ಷರು ಖರ್ಚು ಮಾಡುವುದು ಮೂರು ವರ್ಷ ಹಿಂದಿನವರು ಕೊಟ್ಟದ್ದನ್ನು. ಇಲ್ಲಿ ಜಿಲ್ಲೆ ಅಂದರೆ ಕಲೆಕ್ಟರ ಜಿಲ್ಲೆ ಅಲ್ಲ. ಮಂಗಳೂರು ಇರುವುದು ಮೈಸೂರು, ಕೊಡಗಿನ ಜತೆ 3181ರಲ್ಲಿ. ಉಡುಪಿ 3182ರಲ್ಲಿ. ನಡುವೆ ಒಂದು ಗಂಟೆಯ ದಾರಿ, ಗವರ್ನರ್, ಅಂದರೆ ರೋಟರಿ ಜಿಲ್ಲೆಯ ಮುಖ್ಯಸ್ಥರು, ಬೇರೆ ಬೇರೆ. ಗ್ಲೋಬಲ್ ಗ್ರ್ಯಾಂಟ್ ಅನ್ನುವ ಫೌಂಡೇಶನ್ ನೆರವು ಬೇಕಾದರೆ ಯೋಜನೆ ಕಡಿಮೆ ಅಂದರೆ 30,000 ಡಾಲರಿನದ್ದಾಗಬೇಕು, ಬೇರೆ ದೇಶದ ಒಂದು ಕ್ಲಬ್ ಕೈ ಜೋಡಿಸಬೇಕು. ಡಯಾಲಿಸಿಸ್ ಯಂತ್ರಗಳಿಗೆ ಈ ದಾರಿ ಹಿಡಿಯುವವರು ಜಾಸ್ತಿ. ಯಂತ್ರಕ್ಕೆ ದುಡ್ಡು ಸಿಗುತ್ತದೆ. ಅದಕ್ಕೆ ಬೇಕಾದ ಶುದ್ಧ ನೀರಿನ ಘಟಕ, ತಂತ್ರಜ್ಞರ ಸಂಬಳ, ಪ್ರತಿ ಸಲದ ಸಾಮಾನು, ಇದಕ್ಕೆಲ್ಲ ಯಾರು ಅಂತ ಮೊದಲೇ ಬರೆಸಿಕೊಳ್ಳದಿದ್ದರೆ ಯಂತ್ರಕ್ಕೆ ಬಟ್ಟೆ ಹೊದಿಸಿ ಇಡಬೇಕಾಗುತ್ತದೆ.

ದುಡ್ಡಿಲ್ಲದೆ ಕ್ಲಬ್‌ಗಳು ಮಾಡುವ ದೊಡ್ಡ ಕೆಲಸ ರಕ್ತದಾನ ಶಿಬಿರ. ಇಲ್ಲಿ ಬೇಕಾಗುವುದು ಮಂಚ, ಜ್ಯೂಸ್, ಬಿಸ್ಕತ್ತು, ಮತ್ತೆ ಜನರನ್ನು ಕರೆದುಕೊಂಡು ಬರುವ ಬಾಯಿ. ಹೊರಗಿನಿಂದ ನೋಡಿದರೆ ಸರಳ. ಬಾಗಿಲ ಹತ್ತಿರದ ಮೇಜಿನಲ್ಲಿ ಒಂದು ಸಲ ಕೂತು ನೋಡಿ. ಬೀಕರಿನಲ್ಲಿ ನೀಲಿ ಬಣ್ಣದ ನೀರು, ಮೈಲುತುತ್ತಿನ ದ್ರಾವಣ. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಅದರಲ್ಲಿ ಬಿಡುತ್ತಾರೆ. ಹನಿ ಮುಳುಗಿದರೆ ಹಿಮೋಗ್ಲೋಬಿನ್ 12.5 ಉಂಟು ಅಂತ ಅರ್ಥ, ರಕ್ತ ಕೊಡಬಹುದು. ತೇಲಿದರೆ ಇಲ್ಲ. ಕಾಲೇಜಿನ ಹುಡುಗಿಯರು ಸಾಲಾಗಿ ನಿಂತು ಆ ಹನಿಯನ್ನೇ ನೋಡುತ್ತಾರೆ. ಒಬ್ಬಳದ್ದು ತೇಲುತ್ತದೆ, ಇನ್ನೊಬ್ಬಳದ್ದು ಅರ್ಧಕ್ಕೆ ಹೋಗಿ ಮೇಲೆ ಬರುತ್ತದೆ. "ನಾನು ಗಟ್ಟಿ ಇದ್ದೇನೆ ಸರ್" ಅಂತ ಜಗಳಕ್ಕೆ ಬರುತ್ತಾಳೆ. ವಾಪಸ್ ಕಳಿಸುವುದು ಕಷ್ಟದ ಕೆಲಸ. ಆ ಹುಡುಗಿಯರ ಪಟ್ಟಿ ಇಟ್ಟುಕೊಂಡು ಕಬ್ಬಿಣದ ಮಾತ್ರೆ ಕೊಡಿಸಿ ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರೆ ಅದೇ ಒಂದು ಒಳ್ಳೆ ಯೋಜನೆ. ಆದರೆ ಆರು ತಿಂಗಳ ನಂತರ ಅಧ್ಯಕ್ಷರು ಯಾರು?

18ರಿಂದ 65 ವರ್ಷ, 45 ಕಿಲೋ ತೂಕ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ತೆಗೆಯುವುದು 350 ಮಿಲಿಲೀಟರ್, 55 ಕಿಲೋಗಿಂತ ಜಾಸ್ತಿ ಇದ್ದರೆ 450. ಅದನ್ನು ಮೂರು ಭಾಗ ಮಾಡುತ್ತಾರೆ. ಕೆಂಪು ಕಣ 42 ದಿನದವರೆಗೆ ಇಡಬಹುದು. ಪ್ಲಾಸ್ಮಾ ಹೆಪ್ಪುಗಟ್ಟಿಸಿದರೆ ಒಂದು ವರ್ಷ. ಪ್ಲೇಟ್‌ಲೆಟ್ ಮಾತ್ರ ಐದೇ ದಿನ, ಅದೂ ಅಲುಗಾಡಿಸುತ್ತಾ ಇರಬೇಕು. ಮಳೆಗಾಲದಲ್ಲಿ ಡೆಂಗಿ ಬಂದಾಗ ಮಂಗಳೂರಿನ ಆಸ್ಪತ್ರೆಗಳಲ್ಲಿ ಜನ ಹುಡುಕಿಕೊಂಡು ಓಡುವುದು ಇದನ್ನೇ.

ಈ ಐದು ದಿನದ ಲೆಕ್ಕ ಗೊತ್ತಾದರೆ ನಮ್ಮ ಶಿಬಿರಗಳ ತಪ್ಪೂ ಗೊತ್ತಾಗುತ್ತದೆ. ಆಗಸ್ಟ್ 15ಕ್ಕೆ ಎಲ್ಲ ಕ್ಲಬ್‌ಗಳದ್ದೂ ಶಿಬಿರ. ಅಕ್ಟೋಬರ್ 2ಕ್ಕೆ ಮತ್ತೆ ಎಲ್ಲರದ್ದೂ. ಒಂದೇ ದಿನ 200 ಯೂನಿಟ್ ಅಂತ ಪೇಪರಿನಲ್ಲಿ ಬಂದರೆ ಚೆಂದ. ಬ್ಲಡ್ ಬ್ಯಾಂಕಿಗೆ ಬೇಕಾದದ್ದು ವಾರಕ್ಕೆ 50ರ ಹಾಗೆ ನಾಲ್ಕು ವಾರ. ಇನ್ನೂ ಒಂದು ವಿಷಯ. ನಮ್ಮದು ಕಾಲೇಜುಗಳ ಊರು, ರಕ್ತ ಕೊಡುವವರಲ್ಲಿ ಹಾಸ್ಟೆಲ್ ಮಕ್ಕಳು ಜಾಸ್ತಿ. ಏಪ್ರಿಲ್, ಮೇಯಲ್ಲಿ ಅವರು ಮನೆಗೆ ಹೋದರೆ ಇಲ್ಲಿ ಕೊರತೆ. ಅಪಘಾತ, ಹೆರಿಗೆ ಏನೂ ರಜೆ ಹಾಕುವುದಿಲ್ಲ. ಆಗ ಶಿಬಿರ ಮಾಡುವ ಕ್ಲಬ್ ಕಡಿಮೆ, ಯಾಕೆಂದರೆ ಆ ಹೊತ್ತಿಗೆ ಅಧ್ಯಕ್ಷರ ವರ್ಷ ಮುಗಿಯುತ್ತಾ ಬಂದಿರುತ್ತದೆ, ಎಲ್ಲರಿಗೂ ಮದುವೆ, ಗೃಹಪ್ರವೇಶದ ಸೀಸನ್. "ನಾವು ಫ್ರೀ ಕೊಟ್ಟ ರಕ್ತಕ್ಕೆ ಅವರು ಯಾಕೆ ದುಡ್ಡು ತೆಗೆದುಕೊಳ್ಳುತ್ತಾರೆ?" ಅಂತ ಕೇಳುವವರಿಗೆ: ಅದು ಚೀಲ, ಸಂಗ್ರಹ ಮತ್ತೆ ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ ಪರೀಕ್ಷೆಯ ಖರ್ಚು. ರಕ್ತಕ್ಕೆ ಬೆಲೆ ಇಲ್ಲ.

ಕಣ್ಣಿನ ಶಿಬಿರದ ಕಥೆ ಬೇರೆ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಕುರುಡರ ಪರ ನಿಲ್ಲಿ ಅಂತ ಕೇಳಿಕೊಂಡರು. ಅಂದಿನಿಂದ ಕಣ್ಣು ಲಯನ್ಸ್‌ನವರ ಕೆಲಸ. ಮೊದಲು ಶಾಲೆಯಲ್ಲೇ ಬೆಂಚು ಜೋಡಿಸಿ ಪೊರೆ ತೆಗೆಯುತ್ತಿದ್ದರು. ಈಗ ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ. ಕ್ಲಬ್‌ನವರ ಪಾಲು ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗಿ ಬಿಡುವುದು. ಪೋಲಿಯೋ ರೋಟರಿಯದ್ದು, 1985ರಿಂದ. ಭಾರತ ಪೋಲಿಯೋ ಮುಕ್ತ ಅಂತ ಪತ್ರ ಸಿಕ್ಕಿದ್ದು 2014ರ ಮಾರ್ಚ್ 27ರಂದು. ಅಲ್ಲಿ ಒಂದು ಗಮನಿಸಿ. ಮೂವತ್ತು ವರ್ಷ ಅಧ್ಯಕ್ಷರು ಬದಲಾದರೂ ಕೆಲಸ ಬದಲಾಗಲಿಲ್ಲ, ಅದಕ್ಕೇ ಆಯಿತು.

ನಮ್ಮ ಊರಿನ ಕ್ಲಬ್‌ಗಳಿಗೆ ಕಷ್ಟ ಇರುವುದು ಅಲ್ಲೇ. ರೋಟರಿ, ಲಯನ್ಸ್ ಎರಡರ ವರ್ಷವೂ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಕ್ತಾಯ. ಅಧ್ಯಕ್ಷರಿಗೆ ಒಂದೇ ವರ್ಷ. ಒಳ್ಳೆಯದೂ ಹೌದು, ಕುರ್ಚಿಗೆ ಯಾರೂ ಅಂಟಿಕೊಳ್ಳುವುದಿಲ್ಲ. ಆದರೆ ಜುಲೈ 1ರಂದೇ ವೈದ್ಯರ ದಿನ, ಅವತ್ತೇ ಸಿಎಗಳ ದಿನ. ಆ ವಾರವೇ ವನಮಹೋತ್ಸವ. ಒಂದೇ ವಾರದಲ್ಲಿ ಇಬ್ಬರು ಡಾಕ್ಟರಿಗೆ ಶಾಲು, ಒಬ್ಬ ಸಿಎಗೆ ಶಾಲು, ಹತ್ತು ಗಿಡ ಮುಗಿಯಿತು. ಆಮೇಲೆ ಆಟಿಡೊಂಜಿ ದಿನ, ಅಂದರೆ ಆಟಿಯ ತಿಂಡಿಗಳ ಕೂಟ, ಪತ್ರೊಡೆ. ಸೆಪ್ಟೆಂಬರ್ 5ಕ್ಕೆ ಟೀಚರ್, 15ಕ್ಕೆ ಇಂಜಿನಿಯರ್. ಶಾಲು ಅಂಗಡಿಯವರು ನಮ್ಮ ಕ್ಯಾಲೆಂಡರ್ ನೋಡಿಯೇ ಸ್ಟಾಕ್ ತರಿಸುತ್ತಾರೆ ಅಂತ ನನ್ನ ಅನುಮಾನ. ನಡುವೆ ಗವರ್ನರ್ ಭೇಟಿಗೆ ಒಂದು 'ಶಾಶ್ವತ ಯೋಜನೆ' ಉದ್ಘಾಟನೆಗೆ ಸಿದ್ಧ ಇರಬೇಕು. ಬಸ್ ತಂಗುದಾಣ ಅದಕ್ಕೆ ಹೇಳಿ ಮಾಡಿಸಿದ್ದು. ಬೇಗ ಆಗುತ್ತದೆ, ರಸ್ತೆ ಬದಿ ಕಾಣುತ್ತದೆ, ಹೆಸರು ಬರೆಯಲಿಕ್ಕೆ ಜಾಗ ಉಂಟು. ಕಟ್ಟಿದ್ದಕ್ಕೆ ಮನ್ನಣೆ ಉಂಟು, ರಿಪೇರಿಗೆ ಇಲ್ಲ. ಹನ್ನೆರಡು ವರ್ಷ ಹಿಂದಿನ ಅಧ್ಯಕ್ಷರ ಹೆಸರಿರುವ ಮಾಡಿಗೆ ಈ ವರ್ಷದವರು ಯಾಕೆ ಶೀಟ್ ಹಾಕಿಸಬೇಕು?

ರಿಕ್ಷಾದವರು ಕೇಳಿದ್ದರ ನಿಜವಾದ ಉತ್ತರ ಇದು. ಶೀಟಿಗೆ ಅಡ್ಡ ಬಂದದ್ದು ಊಟ ಅಲ್ಲ, ಜೂನ್ 30.

ಆ ತಿಂಗಳ ಮೀಟಿಂಗ್‌ನಲ್ಲಿ ನಾನು ವಿಷಯ ಎತ್ತಿದೆ. ಒಬ್ಬರು, ಹಳೆಯದನ್ನು ಕೆಡವಿ ಹೊಸದೇ ಕಟ್ಟೋಣ ಅಂದರು. ಇನ್ನೊಬ್ಬರು, ಅದು ಈಗ ಪಂಚಾಯತ್‌ನದ್ದು, ಅವರಿಗೆ ಪತ್ರ ಬರೆಯೋಣ ಅಂದರು. ಹೆಸರು ಯಾರದ್ದು ಬರೆಯುವುದು ಅಂತ ಇಪ್ಪತ್ತು ನಿಮಿಷ ಚರ್ಚೆ. ಗಂಟೆ ಆಯಿತು. ಊಟದ ಸಾಲಿನಲ್ಲಿ ಶೀಟ್ ಅಂಗಡಿಯವರು ನನ್ನ ಹಿಂದೆ ನಿಂತಿದ್ದರು. "ಎಷ್ಟು ಅಡಿ?" ಅಂದರು. ಮುಂದಿನ ಭಾನುವಾರ ಅವರ ಹುಡುಗರು ಎರಡು ಶೀಟ್ ಹೊಡೆದು ಹೋದರು. ಅಳತೆ ಸ್ವಲ್ಪ ಹೆಚ್ಚಾಗಿ ಮುಂದಕ್ಕೆ ಚಾಚಿಕೊಂಡಿದೆ, ಹಳೇ ಅಧ್ಯಕ್ಷರ ಹೆಸರು ಅರ್ಧ ಕಾಣುವುದಿಲ್ಲ. ಅವರು ಇನ್ನೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.